ಊರಿನ ಹೆಸರೂ ಕತ್ತಿಯ ಕಥೆಯೂ

ಕತ್ತಿ ಹಿಡಿದ ಕೊಲೆಗಾರನ ಕಥೆಯನ್ನು ಒಂದು ಚಲಚ್ಚಿತ್ರಕ್ಕೆ ನಿಲ್ಲಿಸದೆ ಎರಡು ಮೂರು ಭಾಗಗಳಿಗೆ ಬೆಳೆಸುವ ರೂಢಿಯು 1978ರ ‘ಹ್ಯಾಲೊವೀನ್’ ಮೊದಲಾದ ಅಮೆರಿಕದ ಚಿತ್ರಗಳಿಂದ ಬಲವಾಯಿತು. ಮುಂದಿನ ಭಾಗಗಳಲ್ಲಿ ರಕ್ತದೊಡನೆ ಸಮಾಜವಿಚಾರವೂ ಬರುವುದು, ತುಳಿತಕ್ಕೆ ಸಿಕ್ಕಿದವರ ದನಿ ಕೇಳುವುದು ಎಂದು ಕೆಲವರು ವಿದ್ಯಾವಂತರು ವಾದಿಸುತ್ತಾರೆ. ಈ ವಾದವನ್ನು ನಮ್ಮ ನಾಡಿನ ಉದಾಹರಣೆಯಿಂದಲೇ ಪರೀಕ್ಷಿಸೋಣ.

ಹೊಸಕೋಟೆಯ ಬಳಿ ದಂಡುಪಾಳ್ಯವೆಂಬ ಊರುಂಟು. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ನಡೆದ ಘೋರವಾದ ಕೊಲೆ ಸುಲಿಗೆಗಳಲ್ಲಿ ಸಿಕ್ಕಿಬಿದ್ದ ತಂಡವೊಂದಕ್ಕೆ ಆ ಊರಿನ ಹೆಸರು ಅಂಟಿಕೊಂಡಿತು. ಶ್ರೀನಿವಾಸರಾಜು ಅವರು 2012ರಲ್ಲಿ ಅದೇ ಹೆಸರಿನಿಂದ ಚಿತ್ರ ತೆಗೆದರು. ಅದರಲ್ಲಿ ಆ ಜನರು ಕ್ರೌರ್ಯವನ್ನೇ ಉಂಡು ಬೆಳೆದವರು. 2017ರ ಜುಲೈಯಲ್ಲಿ ಎರಡನೆಯ ಭಾಗ ಬಂತು. ಅಲ್ಲಿ ಪತ್ರಕರ್ತೆಯೊಬ್ಬಳು ಸೆರೆಮನೆಯಲ್ಲಿ ಅವರ ಮಾತು ಕೇಳುತ್ತಾಳೆ; ಬಡವರನ್ನು ಹಿಡಿತಂದು ಪೊಲೀಸರು ಹಿಂಸಿಸಿದರೆಂಬುದೇ ಈಗ ಕಥೆ. ದನಿಯಿಲ್ಲದವರಿಗೆ ದನಿ ಬಂದಿತೆಂದು ಸಂತೋಷಪಡುವಷ್ಟರಲ್ಲಿ, 2018ರ ಮಾರ್ಚಿಯಲ್ಲಿ ಮೂರನೆಯದು ಬಂದು, ಪೊಲೀಸಿನವರ ಮಾತನ್ನು ಹಿಡಿದು, ಅವರನ್ನು ಮತ್ತೆ ರಾಕ್ಷಸರನ್ನಾಗಿ ಮಾಡಿತು. ಎಂಟು ತಿಂಗಳಲ್ಲಿ ಕೊಟ್ಟದ್ದನ್ನು ಕಸಿದುಕೊಂಡದ್ದಾಯಿತು!

ಎರಡು ಪಕ್ಷಗಳನ್ನೂ ಕೇಳಿಸುವುದು ನ್ಯಾಯವೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಪೂರ್ವಪಕ್ಷವನ್ನು ಮಂಡಿಸಿ ಸಿದ್ಧಾಂತಕ್ಕೆ ಬರುವ ಕ್ರಮವನ್ನು ನಾವೂ ಬಲ್ಲೆವು. ಆದರೆ ಶಾಸ್ತ್ರದಲ್ಲಿ ಪಕ್ಷವನ್ನು ಬದಲಾಯಿಸುವುದು ಯುಕ್ತಿ. ಇಲ್ಲಿ ಬದಲಾಯಿಸುವುದು ಟಿಕೆಟ್ಟಿನ ಲೆಕ್ಕವೆಂದೇ ನನ್ನ ಅಭಿಪ್ರಾಯ. ಮೊದಲು ಕತ್ತು ಕೊಯ್ಯುವುದನ್ನು ತೋರಿಸಿದ ಕಣ್ಣೇ ಅನಂತರ ಲಾಕಪ್ಪಿನ ಪೆಟ್ಟನ್ನೂ ತೋರಿಸುತ್ತದೆ. ಎರಡರಲ್ಲಿಯೂ ಒಂದೇ ಚಪಲ.

ಧನಂಜಯನ ದಶರೂಪಕವು ವಧೆಯನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಕೂಡದೆಂದು ವಿಧಿಸಿದೆ. ಭಾಸನ ಊರುಭಂಗದಲ್ಲಿ ದುರ್ಯೋಧನನು ರಂಗದಲ್ಲಿಯೇ ಸಾಯುವನಲ್ಲವೆ? ಸಾಯುತ್ತಾನೆ. ಅಲ್ಲಿ ತೊಡೆ ಮುರಿದ ಶತ್ರುವಿಗಾಗಿ ಮನಸ್ಸು ಕರಗುತ್ತದೆ. ಇಲ್ಲಿ ಕರಗುವುದು ಯಾವುದು? ಭಯಾನಕವೂ ಬೀಭತ್ಸವೂ ನವರಸಗಳಲ್ಲಿ ಸೇರಿರುವುವು ನಿಜ, ಆದರೆ ಜುಗುಪ್ಸೆಯನ್ನು ಹುಟ್ಟಿಸಿದ ಮಾತ್ರಕ್ಕೆ ರಸವು ಸಿದ್ಧಿಸಲಾರದು.

ಇದಕ್ಕಿಂತ ದೊಡ್ಡ ಅನ್ಯಾಯ ಮತ್ತೊಂದಿದೆ. ಕೆಲವು ಪಂಗಡಗಳವರು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿದ ಬ್ರಿಟಿಷರ 1871ರ ಕಾನೂನನ್ನು ಸ್ವತಂತ್ರ ಭಾರತವು 1952ರಲ್ಲಿ ರದ್ದುಮಾಡಿತು. ಕಾನೂನು ಹೋದರೂ ಆ ಭಾವನೆ ಹೋಗಲಿಲ್ಲ. ಪಂಗಡದ ಸ್ಥಾನದಲ್ಲಿ ಈಗ ಊರೊಂದು ಕುಳಿತಿದೆ. ‘ದಂಡುಪಾಳ್ಯದವರು’ ಎಂಬುದು ಇಂದು ಬೈಗಳ ಮಾತು. ಆ ಊರಿನಲ್ಲಿ ಉತ್ತು ಬಿತ್ತಿ ಬಾಳುವವರ ಮಗನು ಕೆಲಸ ಕೇಳಲು ಹೋಗಿ ಊರಿನ ಹೆಸರು ಹೇಳುವಾಗ ಎದುರಿಗಿದ್ದವರು ಏನೆಂದುಕೊಂಡಾರು? ವಿಮಾನ ನಿಲ್ದಾಣದ ಜಾಗವೆಂದು ಹಾಸನದವರು ನಮ್ಮ ಬೂವನಹಳ್ಳಿಯನ್ನು ಬಲ್ಲರು. ಆ ಹೆಸರನ್ನು ರಕ್ತದ ಅಕ್ಷರಗಳಲ್ಲಿ ಗೋಡೆಗೆ ಅಂಟಿಸಿದರೆ ನಾವು ಸುಮ್ಮನಿರುವೆವೆ?

ತಂಡದ ಕಥೆ ಹೇಳಲು ಊರಿನ ಹೆಸರು ಬೇಕೇ ಬೇಕೆಂಬುದು ಸುಳ್ಳು. ಪಾತ್ರಗಳ ಹೆಸರು ಕಲ್ಪಿಸುವ ಕವಿಗೆ ಊರಿನ ಹೆಸರು ಕಲ್ಪಿಸುವುದು ಕಷ್ಟವಾದೀತೆ? 2019ರಲ್ಲಿ ನಾಲ್ಕನೆಯದೂ ಬಂತು. ನಿರ್ದೇಶಕರು ಬೇರೆಯವರು, ಹೆಸರು ಮಾತ್ರ ಅದೇ ಊರಿನದು.