ಹೊಸ ವಿಳಾಸ ಬರಲಿ, ಹಳೆಯ ದಾರಿ ಮುಚ್ಚದಿರಲಿ

2014ರ ನವೆಂಬರ್ 1ರಂದು ಗುಲ್ಬರ್ಗ ಅಧಿಕೃತವಾಗಿ ಕಲಬುರಗಿಯಾಯಿತು. ಜಿಲ್ಲಾಡಳಿತದ ಜಾಲತಾಣದ ವಿಳಾಸದಲ್ಲೂ ಗುಲ್ಬರ್ಗ ಹೋಗಿ ಕಲಬುರಗಿ ಬಂತು. ಬರಲೇಬೇಕಿತ್ತು. ಆದರೆ ಹೊರಗಿನ ಜಗತ್ತು ಹಳೆಯ ಹೆಸರಿನ ಬಳಕೆಯನ್ನು ಇನ್ನೂ ಬಿಟ್ಟಿಲ್ಲ. ಆಳಂದ, ಅಫಜಲಪುರ, ಜೇವರ್ಗಿಯ ಕಪ್ಪು ನೆಲದಲ್ಲಿ ಬೆಳೆಯುವ ತೊಗರಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದೂ ಗುಲ್ಬರ್ಗದ ಹೆಸರಿನಲ್ಲೇ. 1980ರಲ್ಲಿ ಶುರುವಾದ ವಿಶ್ವವಿದ್ಯಾಲಯವೂ ಇಂದಿಗೂ ಗುಲ್ಬರ್ಗ ವಿಶ್ವವಿದ್ಯಾಲಯವೇ. ವಿದೇಶದ ಬೇಳೆ ವ್ಯಾಪಾರಿಯಾಗಲಿ, ದೇವಲ ಗಾಣಗಾಪುರಕ್ಕೆ ಬರಬಯಸುವ ದತ್ತಭಕ್ತರಾಗಲಿ, ಹಳೆಯ ಪುಸ್ತಕ, ಪ್ರಬಂಧಗಳಲ್ಲಿ ಅಚ್ಚಾದ ಜಾಲವಿಳಾಸವನ್ನೇ ಟೈಪಿಸಿದರೆ ಬರಿದಾದ ಪುಟ ಕಾಣಬಾರದು.

ಹಳೆಯ ವಿಳಾಸವನ್ನು ಉಳಿಸಿದರೆ ಹೊಸ ಹೆಸರು ಬೇರೂರುವುದಿಲ್ಲ ಎಂಬ ಆಕ್ಷೇಪವಿದೆ. ನನಗೆ ಕಾಣುವುದು ಇದಕ್ಕೆ ತದ್ವಿರುದ್ಧ. ಹಳೆಯ ವಿಳಾಸಕ್ಕೆ ಬಂದವರನ್ನು ‘301’ ಎಂಬ ಶಾಶ್ವತ ಮರುನಿರ್ದೇಶನ ಹೊಸದಕ್ಕೆ ಕರೆದೊಯ್ಯುತ್ತದೆ. ಕಲಬುರಗಿ ಎಂಬ ಹೆಸರು ಓದುಗನಿಗೆ ಪರಿಚಯವಾಗುವುದೇ ಅಲ್ಲಿ. ಈ ಮರುನಿರ್ದೇಶನವನ್ನು ಕನಿಷ್ಠ ಒಂದು ವರ್ಷವಾದರೂ ಇಡಿ ಎಂದು ಗೂಗಲ್ ಹೇಳುತ್ತದೆ. ಊರಿನ ಹೆಸರಿಗೆ ಒಂದು ವರ್ಷ ಏನೇನೂ ಸಾಲದು. ಹಳೆಯ ಪುಟಗಳಿಗೆ ಬಂದವರನ್ನೆಲ್ಲ ಮುಖಪುಟಕ್ಕೆ ತಂದು ಬಿಡುವುದೂ ಸಲ್ಲದು: ಗಾಣಗಾಪುರದ ಹಳೆಯ ಪುಟ ಗಾಣಗಾಪುರದ ಹೊಸ ಪುಟಕ್ಕೇ ಹೋಗಬೇಕು. ಖರ್ಚು ಹೆಚ್ಚು ಎಂಬ ಮಾತೂ ನಿಲ್ಲುವುದಿಲ್ಲ. ಖಾಸಗಿ ಸಂಸ್ಥೆಗೆ ತಗಲುವುದು ವರ್ಷಕ್ಕೊಮ್ಮೆ ಡೊಮೇನ್ ನವೀಕರಣದ ಸಣ್ಣ ಶುಲ್ಕ. ಅದನ್ನು ಕಟ್ಟದೆ ಬಿಟ್ಟರೆ ಆ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು, ಭಕ್ತರ ಕಾಣಿಕೆಯನ್ನೂ ದೋಚಬಹುದು. ಹೊರದೇಶದವರಿಗಾಗಿ ಹೊಸ ವಿಳಾಸ ಕೊಳ್ಳುತ್ತಿರುವ ನಮ್ಮ ದೇವಸ್ಥಾನ, ದರ್ಗಾ, ರೈತ ಕಂಪನಿಗಳು ಹಳೆಯದನ್ನು ದಯವಿಟ್ಟು ಕೈಬಿಡದಿರಲಿ.