ಬೆಕ್ಕಿನ ಹೃದಯಕ್ಕೆ ಸೊಳ್ಳೆಯ ಕಾಟ

ನಾಯಿಯನ್ನು ಸಾಕಿದವರು ಅದರ ಚುಚ್ಚುಮದ್ದು, ಔಷಧೋಪಚಾರಗಳ ವಿಷಯದಲ್ಲಿ ಸಾಮಾನ್ಯವಾಗಿ ಜಾಗರೂಕರಾಗಿರುತ್ತಾರೆ. ಬೆಕ್ಕಾದರೋ ತನ್ನ ಪಾಡಿಗೆ ತಾನು ಬದುಕುವ ಪ್ರಾಣಿಯೆಂದು ನಾವು ಅದರ ಆರೋಗ್ಯವನ್ನು ಮರೆತೇಬಿಡುತ್ತೇವೆ. ಆದರೆ ಮನೆಯ ಹೊಸ್ತಿಲು ದಾಟದ ಬೆಕ್ಕಿಗೂ ಸೊಳ್ಳೆಯ ಮೂಲಕ ತಗಲಬಲ್ಲ ರೋಗವೊಂದುಂಟು. ಅದು ಹೃದಯದ ಹುಳುವಿನ ರೋಗ.

ಡೈರೋಫೈಲೇರಿಯಾ ಇಮ್ಮಿಟಿಸ್ ಎಂಬ ದಾರದಂತಹ ಹುಳು ಇದಕ್ಕೆ ಕಾರಣ. ರೋಗವಿರುವ ನಾಯಿಯ ರಕ್ತ ಹೀರಿದ ಸೊಳ್ಳೆಯಲ್ಲಿ ಇದರ ಮರಿಗಳು ಸುಮಾರು ಎರಡು ವಾರ ಬೆಳೆಯುತ್ತವೆ. ಆ ಸೊಳ್ಳೆ ಕಚ್ಚಿದಾಗ ಬೆಕ್ಕಿನ ಒಳಸೇರಿ, ಏಳೆಂಟು ತಿಂಗಳಲ್ಲಿ ಬಲಿತು, ಶ್ವಾಸಕೋಶದ ರಕ್ತನಾಳಗಳಲ್ಲಿಯೂ ಹೃದಯದಲ್ಲಿಯೂ ನೆಲೆಸುತ್ತವೆ. ಬೆಕ್ಕಿನಿಂದ ಬೆಕ್ಕಿಗೆ ಇದು ನೇರವಾಗಿ ಅಂಟದು.

ನಾಯಿಯಲ್ಲಿ ಹತ್ತಾರು ಹುಳುಗಳಿರಬಹುದು. ಬೆಕ್ಕಿನಲ್ಲಿ ಸಾಮಾನ್ಯವಾಗಿ 1ರಿಂದ 3 ಮಾತ್ರ. ಅದರ ಪುಟ್ಟ ದೇಹಕ್ಕೆ ಅಷ್ಟೇ ಮಾರಕ. ಕೆಮ್ಮು, ಏದುಸಿರು, ವಾಂತಿ, ತೂಕದ ಇಳಿಕೆ ಇದರ ಲಕ್ಷಣಗಳು. ಇವನ್ನು ಉಬ್ಬಸವೆಂದು ಭ್ರಮಿಸುವುದು ಸುಲಭ. ಕೆಲವು ಬೆಕ್ಕುಗಳು ಯಾವ ಸೂಚನೆಯನ್ನೂ ಕೊಡದೆ ಹಠಾತ್ತನೆ ಸಾಯುವುದುಂಟು. ಹುಳುಗಳು ಕಡಿಮೆಯಿರುವುದರಿಂದ ರಕ್ತಪರೀಕ್ಷೆಗೂ ಅವು ಸಿಗದೆ ಹೋಗಬಹುದು. ನಾಯಿಯಲ್ಲಿ ಬಲಿತ ಹುಳುಗಳನ್ನು ಕೊಲ್ಲುವ ಮೆಲಾರ್ಸೋಮಿನ್ ಬೆಕ್ಕಿಗೆ ಅಪಾಯಕಾರಿ. ಆದುದರಿಂದ ರೋಗ ಬಾರದಂತೆ ತಡೆಯುವುದೇ ಇಲ್ಲಿ ನಿಜವಾದ ಚಿಕಿತ್ಸೆ.

ನಮ್ಮ ದೇಶದಲ್ಲಿ ಈ ಹುಳು ನಾಯಿಗಳಲ್ಲಿ ಹೆಚ್ಚಾಗಿ ಕಂಡುಬಂದಿರುವುದು ಈಶಾನ್ಯ ರಾಜ್ಯಗಳಲ್ಲಿ. ದಕ್ಷಿಣದಲ್ಲಿ ಚರ್ಮದಡಿ ವಾಸಿಸುವ ಅದರ ಸೋದರ ಜಾತಿಯೇ ಹೆಚ್ಚು. ಆದಕಾರಣ ಗಾಬರಿಪಡಬೇಕಾಗಿಲ್ಲ, ಆದರೆ ಅಲಕ್ಷ್ಯವೂ ಸಲ್ಲದು. ಬೆಂಗಳೂರಿನ ಹವೆಯಲ್ಲಿ ಸೊಳ್ಳೆಗೆ ವರ್ಷವಿಡೀ ಬಿಡುವಿಲ್ಲ. ವೃಷಭಾವತಿ ಕಣಿವೆಗೆ ನೀರು ಹರಿಯುವ ಬಿನ್ನಿಪೇಟೆಯಂತಹ ಬಡಾವಣೆಗಳಲ್ಲಿ ಚರಂಡಿ, ಬೀದಿನಾಯಿ, ಒತ್ತೊತ್ತಾದ ಮನೆಗಳು ಜೊತೆಜೊತೆಗೇ ಇವೆ.

ಮೊದಲು ಮಾಡಬೇಕಾದುದು ಸರಳ. ನೀರಿನ ತೊಟ್ಟಿ, ಡ್ರಮ್ಮುಗಳನ್ನು ಮುಚ್ಚಿಡಬೇಕು. ಹೂಕುಂಡದ ತಟ್ಟೆಯ ನೀರನ್ನು ವಾರಕ್ಕೊಮ್ಮೆ ಚೆಲ್ಲಬೇಕು. ಕಿಟಕಿಗೆ ಬಲೆ ಹಾಕಬೇಕು. ಇದರಿಂದ ಮನೆಯ ಮಕ್ಕಳಿಗೆ ಡೆಂಗಿಯ ಭಯವೂ ತಗ್ಗುತ್ತದೆ. ಎರಡನೆಯದಾಗಿ, ಸೆಲಮೆಕ್ಟಿನ್‌ನಂತಹ ಔಷಧವನ್ನು ತಿಂಗಳಿಗೊಮ್ಮೆ ಕತ್ತಿನ ಹಿಂಭಾಗದ ಚರ್ಮಕ್ಕೆ ಹನಿಸುವ ಕ್ರಮವಿದೆ. ಅದು ಹಿಂದಿನ ತಿಂಗಳಲ್ಲಿ ಒಳಸೇರಿದ ಮರಿಹುಳುಗಳನ್ನು ನಾಶಪಡಿಸುತ್ತದೆ. ನಮ್ಮ ಬೆಕ್ಕಿಗೆ ಅದು ಬೇಕೆ, ತೂಕಕ್ಕೆ ತಕ್ಕ ಪ್ರಮಾಣವೆಷ್ಟು ಎಂಬುದನ್ನು ಪಶುವೈದ್ಯರೇ ನಿರ್ಧರಿಸಲಿ. 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಮ್ಮ ನಗರದಲ್ಲಿಯೇ ಇದೆ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ನಾಯಿಗೆಂದು ತಂದ, ಪರ್ಮೆಥ್ರಿನ್ ಬೆರೆತ ಉಣ್ಣೆ ಔಷಧವನ್ನು ಬೆಕ್ಕಿಗೆ ಹಚ್ಚಲೇಕೂಡದು. ಅದು ನಡುಕ, ಸೆಳೆತಗಳನ್ನುಂಟುಮಾಡಿ ಪ್ರಾಣವನ್ನೇ ತೆಗೆಯಬಲ್ಲುದು. ನಮ್ಮನ್ನು ನಂಬಿದ ಮೂಕಜೀವಿ ತನ್ನ ನೋವನ್ನು ಹೇಳಿಕೊಳ್ಳಲಾರದು. ಅದರ ಉಸಿರಾಟವನ್ನು ದಿನಕ್ಕೊಮ್ಮೆಯಾದರೂ ಗಮನಿಸುವ ಹೊಣೆ ನಮ್ಮದು.