ಓದುವ ಮೂಲೆಯಿಂದಲೇ ಶುರುವಾಗಲಿ

ಮನೆಯ ಅಲಂಕಾರ ಎಂದೊಡನೆ ಹಲವರ ಕಣ್ಣ ಮುಂದೆ ಬರುವುದು ಸೋಫಾ ಸೆಟ್ಟು, ಷೋಕೇಸು, ಅದರೊಳಗೆ ಸಾಲಾಗಿ ನಿಂತ ಚನ್ನಪಟ್ಟಣದ ಬೊಂಬೆಗಳು. ಹೊಸ ಮನೆಗೆ ಬಂದವರು ಕೈಯಲ್ಲಿ ಮಿಕ್ಕ ಹಣವನ್ನೆಲ್ಲ ಹಾಲಿಗೇ ಸುರಿಯುತ್ತಾರೆ. ಹೀಗಾಗಿ ಎಂದೋ ಒಮ್ಮೆ ಬಂದು, ಒಂದು ಗಂಟೆ ಕೂತು, ಕಾಫಿ ಕುಡಿದು ಹೋಗುವ ನೆಂಟರಿಗೆ ಮನೆಯ ಅತ್ಯುತ್ತಮ ಜಾಗ. ಎಸ್ಸೆಸ್ಸೆಲ್ಸಿ ಓದುವ ಮಗಳಿಗೆ ಮಂಚದ ತುದಿ. ಆಕೆ ದಿಂಬಿನ ಮೇಲೆ ಪುಸ್ತಕವಿಟ್ಟು, ಬೆನ್ನು ಬಗ್ಗಿಸಿ, ಟಿ.ವಿ. ಸದ್ದಿನ ನಡುವೆ ಲೆಕ್ಕ ಬಿಡಿಸಬೇಕು. ಯಾರಾದರೂ ಮಲಗಲು ಬಂದರೆ ಎದ್ದು ಬೇರೆ ಕಡೆ ಹೋಗಬೇಕು. ಸ್ವಂತ ಮನೆಯಲ್ಲೇ ಆಕೆ ಅತಿಥಿ.

ಅಲಂಕಾರಕ್ಕೆ ಹೊಸಬರಾದವರು ಮೊದಲು ಮಕ್ಕಳು ಓದುವ ಜಾಗಕ್ಕೆ ಕೈಹಾಕುವುದು ಒಳ್ಳೆಯದು. ಇದಕ್ಕೆ ಪ್ರತ್ಯೇಕ ಕೋಣೆ ಬೇಕಿಲ್ಲ, 4 ಅಡಿ ಉದ್ದ, 4 ಅಡಿ ಅಗಲದ ಮೂಲೆ ಸಾಕು. ಖರ್ಚೂ ಕಡಿಮೆ. ಬೆಳಕು, ಬಣ್ಣ, ಅಳತೆ ಎಂಬ ಅಲಂಕಾರದ ಮೂಲಪಾಠಗಳೆಲ್ಲ ಈ ಪುಟ್ಟ ಜಾಗದಲ್ಲೇ ಅಭ್ಯಾಸವಾಗುತ್ತವೆ.

ಏನನ್ನೂ ಕೊಳ್ಳುವ ಮುಂಚೆ ಒಂದು ರಜಾದಿನ ಮನೆಯ ಬೆಳಕನ್ನು ಗಮನಿಸಬೇಕು. ಯಾವ ಕಿಟಕಿಯಿಂದ ಎಷ್ಟು ಹೊತ್ತಿಗೆ ಬಿಸಿಲು ಬರುತ್ತದೆ, ಎಲ್ಲಿ ನೆರಳು ನಿಲ್ಲುತ್ತದೆ ಎಂದು ಮಕ್ಕಳೇ ಗುರುತು ಹಾಕಿಕೊಳ್ಳಲಿ. ಪಶ್ಚಿಮದ ಕಿಟಕಿಯ ಮುಂದೆ ಮೇಜು ಇಟ್ಟರೆ, ಶಾಲೆಯಿಂದ ಬಂದು ಓದಲು ಕೂರುವ ಹೊತ್ತಿಗೆ ಸರಿಯಾಗಿ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಉತ್ತರದ ಕಿಟಕಿಯ ಬೆಳಕು ವರ್ಷದ ಬಹುಕಾಲ ಸೌಮ್ಯ. ಆದರೆ ಬೆಂಗಳೂರು ಇರುವುದು 13ನೇ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಆ ತಿಂಗಳುಗಳಿಗೆ ಅಲ್ಲೊಂದು ತೆಳು ಪರದೆ ಬೇಕಾದೀತು. ಪರದೆಗೆ ಹೊಸ ಬಟ್ಟೆಯೇ ಆಗಬೇಕೆಂದಿಲ್ಲ, ಅಮ್ಮನ ಹಳೆಯ ಹತ್ತಿ ಸೀರೆ ಸಾಕು. ಕಿಟಕಿಯ ಅಗಲದ ಒಂದೂವರೆಯಿಂದ ಎರಡು ಪಟ್ಟು ಬಟ್ಟೆ ಇದ್ದರೆ ನೆರಿಗೆ ಚೆನ್ನಾಗಿ ಬೀಳುತ್ತದೆ.

ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡಗಡೆಯಿಂದ ಬರಬೇಕು, ಎಡಚರಿಗೆ ಬಲಗಡೆಯಿಂದ. ಇಲ್ಲವಾದರೆ ಬರೆಯುವ ಸಾಲಿನ ಮೇಲೆ ತಮ್ಮ ಕೈಯದೇ ನೆರಳು. ರಾತ್ರಿಯ ದೀಪಕ್ಕೂ ಇದೇ ಮಾತು. ಎದುರು ಗೋಡೆಯ ಮೇಲಿನ ಒಂದೇ ಟ್ಯೂಬ್‌ಲೈಟಿಗೆ ಬೆನ್ನು ಹಾಕಿ ಕೂತರೆ ಪುಸ್ತಕದ ಮೇಲೆ ಬೀಳುವುದು ತಲೆಯ ನೆರಳು. ದೀಪ ಹತ್ತಿರ ಬಂದರೆ ಆಗುವ ಲಾಭ ಭೌತಶಾಸ್ತ್ರದ ವಿದ್ಯಾರ್ಥಿಗೆ ಗೊತ್ತಿರುತ್ತದೆ. 6 ಅಡಿ ದೂರದ ಬಲ್ಬನ್ನು 2 ಅಡಿಗೆ ತಂದರೆ ಪುಟದ ಮೇಲೆ ಬೀಳುವ ನೇರ ಬೆಳಕು ಸುಮಾರು 9 ಪಟ್ಟಾಗುತ್ತದೆ. 9 ವಾಟಿನ ಎಲ್‌ಇಡಿ ಬಲ್ಬು ಹಳೆಯ 60 ವಾಟಿನ ಬುರುಡೆ ಬಲ್ಬಿಗೆ ಸಮ. ಮೇಜಿನ ದೀಪಕ್ಕೆ ಅಷ್ಟು ಧಾರಾಳ. ಬಲ್ಬು ನೇರವಾಗಿ ಕಣ್ಣಿಗೆ ಕಾಣದಂತೆ ಮರೆ ಇರಬೇಕು. ಕೋಣೆಯ ದೀಪವೂ ಉರಿಯುತ್ತಿರಲಿ, ಸುತ್ತ ಕತ್ತಲಿದ್ದು ಪುಸ್ತಕವೊಂದೇ ಹೊಳೆದರೆ ಕಣ್ಣು ಬೇಗ ದಣಿಯುತ್ತದೆ. ಮಂದ ಬೆಳಕಿನಲ್ಲಿ ಓದಿದರೆ ದೃಷ್ಟಿಯೇ ಹೋಗುತ್ತದೆಂದು ಹೆದರಿಸುವ ಹಿರಿಯರಿದ್ದಾರೆ. ಹಾಗೇನೂ ಆಗದು, ಆದರೆ ಕಣ್ಣುರಿ, ತಲೆನೋವು ಬಂದು ಮಕ್ಕಳು ಬೇಗ ಪುಸ್ತಕ ಮುಚ್ಚುವುದಂತೂ ನಿಜ.

ಇನ್ನು ಬಣ್ಣ. ಅಂಗಡಿಯವನು ತೋರಿಸುವ ಬೆರಳಗಲದ ಚೀಟಿಯಲ್ಲಿ ಹಿತವಾಗಿ ಕಂಡ ಬಣ್ಣ ಗೋಡೆಗೆ ಬಂದಾಗ ಗಾಢವಾಗಿ ಕಾಣುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಮೊದಲು ಗೋಡೆಯ ಮೇಲೆ 2 ಅಡಿ ಚೌಕದಷ್ಟು ಬಳಿದು, ಬೆಳಿಗ್ಗೆ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಿ ತೀರ್ಮಾನಿಸಬೇಕು. ಓದುವ ಮೂಲೆಗೆ ಬಿಳಿ, ಕೆನೆ, ತಿಳಿಹಸಿರು ಒಳ್ಳೆಯವು. ಬಿದ್ದ ಬೆಳಕಿನ ಬಹುಪಾಲನ್ನು ಹಿಂದಿರುಗಿಸುತ್ತವೆ. ಸುಣ್ಣವನ್ನು ಬಡವರ ಬಣ್ಣವೆಂದು ಕಡೆಗಣಿಸುವವರು ಅದರ ಬೆಳ್ಳಗಿನ ಬೆಳಕನ್ನು ನೋಡಿಲ್ಲವೆಂದೇ ಹೇಳಬೇಕು. ಗೋಡೆಯನ್ನು ನೀರಿನಿಂದ ಒದ್ದೆ ಮಾಡಿ, ತೆಳ್ಳಗೆ ಎರಡು ಮೂರು ಸಲ ಬಳಿದರೆ ಸುಣ್ಣ ಕಚ್ಚಿಕೊಳ್ಳುತ್ತದೆ. ಚಿಟಿಕೆ ನೀಲಿ ಬೆರೆಸಿದರೆ ಹಳದಿ ಛಾಯೆ ಹೋಗುತ್ತದೆ. ಆದರೆ ಹಳೆಯ ಸುಣ್ಣದ ಮೇಲೆ ಡಿಸ್ಟೆಂಪರ್ ಹೊಡೆಸುವವರು ಮೊದಲು ಸಡಿಲವಾದ ಸುಣ್ಣವನ್ನು ಕೆರೆಸಿ ತೆಗೆಸಬೇಕು. ಇಲ್ಲದಿದ್ದರೆ ಹೊಸ ಬಣ್ಣ ಹಪ್ಪಳದಂತೆ ಎದ್ದು ಬರುತ್ತದೆ.

ಅಂಗಡಿಯಲ್ಲಿ ಸಿಗುವ ಮೇಜು ಸಾಮಾನ್ಯವಾಗಿ 29-30 ಅಂಗುಲ ಎತ್ತರ, ಅದು ದೊಡ್ಡವರ ಅಳತೆ. ಐದನೇ ತರಗತಿಯ ಹುಡುಗ ಅದರ ಮುಂದೆ ಕೂತರೆ ಭುಜ ಎತ್ತಿ ಬರೆಯಬೇಕು, ಕಾಲು ತೂಗಾಡುತ್ತಿರುತ್ತದೆ. ಇದಕ್ಕಾಗಿ ಹೊಸ ಮೇಜು ತರಬೇಕಿಲ್ಲ. ಮೊಣಕೈ ಮೇಜಿನ ಮಟ್ಟಕ್ಕೆ ಬರುವಂತೆ ಕುರ್ಚಿಗೆ ಗಟ್ಟಿ ದಿಂಬು ಹಾಕಿ, ಪಾದದ ಕೆಳಗೆ ಊಟದ ಮಣೆ ಇಟ್ಟರೆ ಆಯಿತು. ಮೇಜಿಗೆ ಜಾಗವೇ ಇಲ್ಲದ ಮನೆಗೆ ಹಳೆಯ ಏರ್ಪಾಡೇ ಮೇಲು: ನೆಲಕ್ಕೆ ನವಲಗುಂದದ್ದೋ ಮತ್ತಾವುದೋ ಊರಿನದೋ ಒಂದು ಜಮಖಾನೆ, ಅದರ ಮೇಲೆ ಶಾನುಭೋಗರ ಕಾಲದ ಇಳಿಜಾರು ಡೆಸ್ಕು. ಪುಟ ಓರೆಯಾಗಿರುವುದರಿಂದ ಕತ್ತು ಬಗ್ಗುವುದು ಕಡಿಮೆ. ಅಜ್ಜನ ವ್ಯಾಸಪೀಠ ಅಟ್ಟದ ಮೇಲಿದ್ದರೆ ಇಳಿಸಿ ಒರೆಸಿಕೊಳ್ಳಬಹುದು. ಬರೆಯಲು ಅದು ಆಗದಿದ್ದರೂ ಓದಲು ಅದಕ್ಕಿಂತ ಅಗ್ಗದ ಸಾಧನವಿಲ್ಲ.

ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವ ಮೊದಲು ಮಾಲೀಕರನ್ನು ಕೇಳುವುದು ಲೇಸು. ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಬಣ್ಣದ ಖರ್ಚೆಂದು ಮುರಿದುಕೊಳ್ಳುವ ವಾಡಿಕೆ ಹಲವೆಡೆ ಇದೆ. ಟೈಂಟೇಬಲ್, ಭೂಪಟಗಳನ್ನು ಒಂದು ಪ್ಲೈವುಡ್ ಹಲಗೆಗೆ ಅಂಟಿಸಿ ಮೇಜಿನ ಮೇಲೆ ಗೋಡೆಗೆ ಒರಗಿಸಿದರೆ ಒಂದು ಮೊಳೆಯೂ ಬೇಡ. ಮಲೆನಾಡು, ಕರಾವಳಿಯವರು ಮಾತ್ರ ಮಳೆಗಾಲಕ್ಕೆ ಮುಂಚೆ ಆ ಹಲಗೆಯನ್ನೂ ಪುಸ್ತಕದ ಕಪಾಟನ್ನೂ ಗೋಡೆಯಿಂದ ನಾಲ್ಕು ಬೆರಳು ಈಚೆ ಸರಿಸಿಡಬೇಕು. ಗಾಳಿ ಆಡದಿದ್ದರೆ ಜುಲೈ ಹೊತ್ತಿಗೆ ಪುಸ್ತಕದ ಬೆನ್ನಿಗೆ ಬೂಸ್ಟು ಹಿಡಿದಿರುತ್ತದೆ.